ಮಕ್ಕಳ ಬೊಜ್ಜು ತಡೆಯಲು ಪಾಲಿಕೆ, ಪಂಚಾಯಿತಿ ಏನು ಮಾಡಬಹುದು? ತುಮಕೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪಂಚಾಯಿತಿ ಸದಸ್ಯರಿಗಾಗಿ ಈ ಪುಟ. ಮನೆಯಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಊರು ಏನು ಮಾಡಬೇಕು ಎನ್ನುವುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ. ಮಗುವಿನ ಬಾಯಿಗೆ ಬೀಗ ಹಾಕಲು ಯಾವ ತಾಯಿಯಿಂದಲೂ ಆಗುವುದಿಲ್ಲ. ಶಾಲೆಯ ಗೇಟಿನ ಮುಂದೆ ಏನು ಮಾರುತ್ತಾರೆ, ಸಂಜೆ ಆಡಲು ಜಾಗ ಇದೆಯೇ, ಬಾಯಾರಿದರೆ ನೀರು ಸಿಗುತ್ತದೆಯೇ ಎಂಬುದೆಲ್ಲ ಊರಿನ ಕೈಯಲ್ಲಿದೆ.

ನಮ್ಮ ಜಿಲ್ಲೆಯಲ್ಲಿ ಅಪೌಷ್ಟಿಕತೆಯೇ ಇನ್ನೂ ಮುಗಿದಿಲ್ಲ. ಬೊಜ್ಜಿನ ಮಾತು ಈಗಲೇ ಯಾಕೆ?

ಎರಡೂ ಒಂದೇ ಬೀದಿಯಲ್ಲಿವೆ, ಕೆಲವೊಮ್ಮೆ ಒಂದೇ ಮನೆಯಲ್ಲಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರ ಪ್ರಮಾಣ ಹಿಂದಿನ ಸುತ್ತಿನ ಶೇ 2.1ರಿಂದ ಶೇ 3.4ಕ್ಕೆ ಏರಿದೆ. ಸಂಖ್ಯೆ ಸಣ್ಣದು, ಆದರೆ ಏರುತ್ತಿದೆ. ಚಿಕ್ಕಂದಿನಲ್ಲಿ ಸಾಕಷ್ಟು ಪೋಷಣೆ ಸಿಗದೆ ಗಿಡ್ಡಗೆ ಉಳಿದ ಮಗುವಿಗೆ ಆಮೇಲೆ ಪೊಟ್ಟಣದ ತಿಂಡಿ, ಸಿಹಿ ಪಾನೀಯ ಹೇರಳವಾಗಿ ಸಿಕ್ಕರೆ, ಎತ್ತರ ಬರುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬು ಮಾತ್ರ ಬರುತ್ತದೆ. ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಸಾಧ್ಯತೆ ಇಂಥವರಲ್ಲಿ ಹೆಚ್ಚು.

ಆದ್ದರಿಂದ ಈ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇರಬೇಕು. ಬೊಜ್ಜು ಇಳಿಸುವ ಹೆಸರಿನಲ್ಲಿ ಬಿಸಿಯೂಟ, ಹಾಲು, ಮೊಟ್ಟೆಗೆ ಕೈ ಹಾಕಕೂಡದು. ಸಣಕಲು ಮಗುವಿನ ತಟ್ಟೆಯಿಂದ ಕಿತ್ತುಕೊಂಡು ದಪ್ಪ ಮಗುವಿಗೆ ಮಾಡುವ ಉಪಕಾರ ಏನೂ ಇಲ್ಲ. ಕೆಳಗಿನ ಉತ್ತರಗಳೆಲ್ಲ ಈ ನೆಲೆಯ ಮೇಲೆ ನಿಂತಿವೆ.

ಮಗು ಪುಷ್ಟಿಯಾಗಿದೆಯೋ, ತೂಕ ಮೀರಿದೆಯೋ ಎಂದು ತಿಳಿಯುವುದು ಹೇಗೆ?

ಕಣ್ಣಳತೆ ನಂಬಬೇಡಿ. ಗುಂಡುಗುಂಡಾಗಿದ್ದರೆ ಆರೋಗ್ಯ ಎಂದು ನೋಡುವ ಕಣ್ಣು ನಮ್ಮದು. ಅಜ್ಜಿಯರಂತೂ ಮಗುವಿನ ಮುಂಗೈ ಹಿಡಿದು ನೋಡಿಯೇ ಇಳಿದುಹೋಗಿದೆ ಎನ್ನುತ್ತಾರೆ.

ಐದು ವರ್ಷದೊಳಗಿನವರಿಗೆ ಎತ್ತರಕ್ಕೆ ತಕ್ಕ ತೂಕ ನೋಡುತ್ತಾರೆ. ಅಂಗನವಾಡಿಯಲ್ಲಿ ತೂಕ, ಎತ್ತರ ತೆಗೆದು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನಮೂದಿಸಿದರೆ ಮಗು ಯಾವ ಪಟ್ಟಿಯಲ್ಲಿದೆ ಎಂದು ಅದೇ ತೋರಿಸುತ್ತದೆ. ಐದು ದಾಟಿದವರಿಗೆ ಬಿಎಂಐ ಲೆಕ್ಕ ಹಾಕಬೇಕು: ಕಿಲೋದಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸುವುದು. ಆದರೆ ದೊಡ್ಡವರ 23, 25ರ ಗಡಿಯನ್ನು ಮಕ್ಕಳಿಗೆ ಹಚ್ಚಬಾರದು. ಮಕ್ಕಳ ಗಡಿ ವಯಸ್ಸಿನೊಂದಿಗೆ ಬದಲಾಗುತ್ತದೆ, ಗಂಡು ಹೆಣ್ಣಿಗೂ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 10 ವರ್ಷದ ಹುಡುಗನಿಗೆ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು. ಅದೇ ವಯಸ್ಸಿನ ಹುಡುಗಿಗೆ 19 ಮತ್ತು 22.6. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ 5ರಿಂದ 18 ವರ್ಷದವರೆಗಿನ ನಕ್ಷೆಗಳನ್ನು ಹೊರತಂದಿದೆ. ಮಕ್ಕಳ ವೈದ್ಯರು ಬಹುಪಾಲು ಅದನ್ನೇ ಬಳಸುತ್ತಾರೆ. ಒಂದು ಶಾಲೆ ಯಾವುದಾದರೂ ಒಂದನ್ನು ಹಿಡಿದರೆ ಪ್ರತಿ ವರ್ಷವೂ ಅದನ್ನೇ ಹಿಡಿಯಬೇಕು. ಇಲ್ಲದಿದ್ದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆಯೇ ಆಗುವುದಿಲ್ಲ.

ಶಾಲೆಯಲ್ಲಿ ಅಳತೆ ಮಾಡುವಾಗ ಎಲ್ಲಿ ತಪ್ಪಾಗುತ್ತದೆ?

ತೂಕಕ್ಕಿಂತ ಎತ್ತರದಲ್ಲಿ ಹೆಚ್ಚು ತಪ್ಪಾಗುತ್ತದೆ. ಎತ್ತರದ ವರ್ಗದಿಂದ ಭಾಗಿಸುವುದರಿಂದ ಅಲ್ಲಿನ ಸಣ್ಣ ತಪ್ಪು ಇಮ್ಮಡಿಯಾಗುತ್ತದೆ. ಒಬ್ಬ ಹತ್ತು ವರ್ಷದ ಹುಡುಗನ ತೂಕ 37 ಕಿಲೋ, ಎತ್ತರ 140 ಸೆಂ.ಮೀ. ಎನ್ನಿ. ಬಿಎಂಐ 18.9, ಅಂದರೆ ಅತಿತೂಕ. ಬೂಟು ಬಿಚ್ಚಿಸದೆ ಎತ್ತರ 142.5 ಎಂದು ಬರೆದುಕೊಂಡರೆ ಅದೇ ಹುಡುಗ 18.2ಕ್ಕೆ ಇಳಿದು ಸಾಮಾನ್ಯರ ಸಾಲಿಗೆ ಸೇರುತ್ತಾನೆ.

ಕ್ರಮ ಹೀಗಿರಲಿ. ಬೂಟು, ಸಾಕ್ಸ್, ಸ್ವೆಟರ್, ಬೆಲ್ಟ್ ತೆಗೆಸಿ. ಜಡೆ, ಜುಟ್ಟು ಅಡ್ಡ ಬರುತ್ತಿದ್ದರೆ ಪಕ್ಕಕ್ಕೆ ಸರಿಸಿ. ಹಿಮ್ಮಡಿ, ಪೃಷ್ಠ, ಬೆನ್ನು ಹಲಗೆಗೆ ತಾಗಿರಬೇಕು, ಕಣ್ಣು ನೇರ ಮುಂದೆ ನೋಡುತ್ತಿರಬೇಕು. ಗೋಡೆಗೆ ಅಂಟಿಸಿದ ಕಾಗದದ ಟೇಪು ಬೇಡ, ಅದು ಹಿಗ್ಗುತ್ತದೆ, ಜಾರುತ್ತದೆ. ಎತ್ತರವನ್ನು 0.1 ಸೆಂ.ಮೀ.ವರೆಗೆ, ತೂಕವನ್ನು 0.1 ಕಿಲೋವರೆಗೆ ಬರೆಯಿರಿ. 140, 145, 150 ಎಂದು ಸಮ ಮಾಡಿ ಬರೆದ ಪಟ್ಟಿ ಕಂಡರೆ ಅಲ್ಲಿ ಯಾರೂ ಸರಿಯಾಗಿ ಅಳೆದಿಲ್ಲ ಎಂದೇ ತಿಳಿಯಿರಿ. ತೂಕದ ಯಂತ್ರವನ್ನು ಜಮಖಾನದ ಮೇಲಿಡದೆ ಗಟ್ಟಿ ನೆಲದ ಮೇಲಿಡಿ. ಶುರು ಮಾಡುವ ಮುನ್ನ ತೂಕ ಗೊತ್ತಿರುವ 5 ಕಿಲೋ ಕಲ್ಲನ್ನೋ ಸೀಲು ಒಡೆಯದ 5 ಕಿಲೋ ಅಕ್ಕಿ ಚೀಲವನ್ನೋ ಇಟ್ಟು ಪರೀಕ್ಷಿಸಿ. ಹುಟ್ಟಿದ ದಿನಾಂಕವನ್ನು ಶಾಲಾ ದಾಖಲೆಯಿಂದ ತೆಗೆದುಕೊಳ್ಳುವಾಗ ಎಚ್ಚರ: ಎಷ್ಟೋ ಮಕ್ಕಳಿಗೆ ಜೂನ್ 1 ಎಂದೇ ಇರುತ್ತದೆ. ತಾಯಿ ಕಾರ್ಡು ಇದ್ದರೆ ಅದನ್ನು ನೋಡಿ.

ಸರ್ಕಾರದ ಕಡೆಯಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಖಾಸಗಿ ಶಾಲೆಗಳು ಈ ಸುತ್ತಿನಿಂದ ಹೊರಗೆ ಉಳಿಯುತ್ತವೆ. ವ್ಯಾನಿನಲ್ಲಿ ಹೋಗಿ, ವ್ಯಾನಿನಲ್ಲಿ ಬಂದು, ಟ್ಯೂಷನ್‌ಗೆ ಕೂರುವ ಮಕ್ಕಳು ಅಲ್ಲೇ ಹೆಚ್ಚು. ಹಾಗಾಗಿ ಖಾಸಗಿ ಶಾಲೆಯ ಪೋಷಕರು ವರ್ಷಕ್ಕೊಮ್ಮೆ ಅಳತೆ ಮಾಡಿಸಿ ಎಂದು ಆಡಳಿತ ಮಂಡಳಿಯನ್ನು ಕೇಳಲೇಬೇಕು.

ಅಳತೆಯ ಪಟ್ಟಿಯನ್ನು ತರಗತಿಯಲ್ಲಿ ಓದಿ ಹೇಳಬಹುದೇ?

ಬೇಡವೇ ಬೇಡ. ಒಂದು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಅಳೆಯಿರಿ, ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಡಿ, ಪಕ್ಕದ ಮಗುವಿನ ಕೈಯಲ್ಲಿ ಬರೆಸಬೇಡಿ. ಡುಮ್ಮ, ಡುಮ್ಮಿ ಎಂಬ ಹೆಸರು ಒಮ್ಮೆ ಅಂಟಿದರೆ ಆ ಮಗು ಮೊದಲು ಬಿಡುವುದು ಆಟವನ್ನು. ಆಮೇಲೆ ಮುಚ್ಚಿಟ್ಟುಕೊಂಡು ತಿನ್ನಲು ಶುರು ಮಾಡುತ್ತದೆ. ಫಲಿತಾಂಶವನ್ನು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮುಚ್ಚಿದ ಲಕೋಟೆಯಲ್ಲಿ ಕಳಿಸಿ. ದಪ್ಪ ಮಕ್ಕಳಿಗೆ ಮಾತ್ರ ಕಳಿಸಿದರೆ ಲಕೋಟೆಯೇ ಸಾರಿ ಹೇಳಿದಂತಾಯಿತು. ಒಳಗೆ ಸಂಖ್ಯೆಯ ಜೊತೆಗೆ ಮುಂದೇನು ಎಂಬ ಎರಡು ಸಾಲು ಇರಲಿ: ಎಲ್ಲಿಗೆ ಹೋಗಬೇಕು, ಯಾವ ದಿನ, ಯಾರನ್ನು ಕಾಣಬೇಕು. ಹದಿಹರೆಯದವರಾದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತ ಸಮಾಲೋಚಕರು ಸಿಗುತ್ತಾರೆ.

ಶಾಲೆಯ ಗೇಟಿನಿಂದ 50 ಮೀಟರ್ ಎಂಬ ನಿಯಮ ನಿಜವೇ?

ನಿಜ. ಶಾಲಾ ಮಕ್ಕಳ ಸುರಕ್ಷಿತ ಆಹಾರ ಮತ್ತು ಸಮತೋಲಿತ ಆಹಾರ ಕುರಿತು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ನಿಯಮಾವಳಿ ಹೊರಡಿಸಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನ್, ಹಾಸ್ಟೆಲ್ ಅಡುಗೆಮನೆಯಲ್ಲಿ ಮತ್ತು ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೆ ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಅಂಥ ತಿನಿಸು ತಯಾರಿಸುವವರು ಅಷ್ಟು ದೂರದೊಳಗೆ ಜಾಹೀರಾತು ಮಾಡುವಂತೆಯೂ ಇಲ್ಲ, ಪುಕ್ಕಟೆ ಹಂಚುವಂತೆಯೂ ಇಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ತಂಪು ಪಾನೀಯದ ಏಜೆನ್ಸಿ ಬ್ಯಾನರ್ ಕಟ್ಟಿಕೊಡುವುದು ಇದೇ ಸಾಲಿಗೆ ಸೇರುತ್ತದೆ. ಶಾಲೆಯ ಸುತ್ತ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರಬಾರದೆಂಬ 2003ರ ಕಾಯ್ದೆ ಬೇರೆಯದು. ಎರಡನ್ನೂ ಒಟ್ಟಿಗೆ ಅಳೆದು ರಸ್ತೆಯ ಮೇಲೆ ಗೆರೆ ಹೊಡೆಸಿದರೆ ಒಂದೇ ಖರ್ಚಿನಲ್ಲಿ ಎರಡೂ ಮುಗಿಯುತ್ತವೆ.

ಜಾರಿ ಮಾಡುವವರು ಜಿಲ್ಲೆಯ ಆಹಾರ ಸುರಕ್ಷತಾ ವಿಭಾಗದ ಅಂಕಿತ ಅಧಿಕಾರಿ ಮತ್ತು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳು. ಗಾಡಿ ಎಲ್ಲಿ ನಿಲ್ಲಬೇಕು ಎನ್ನುವುದು ಪಾಲಿಕೆ, ಪುರಸಭೆಯ ಕೆಲಸ. ಈ ಎರಡು ಕಚೇರಿಗಳ ನಡುವೆ ಅರ್ಜಿ ಅಲೆದಾಡಿ ಸಾಯುವುದೇ ಹೆಚ್ಚು. ಅದಕ್ಕೆ ಒಂದೇ ಅರ್ಜಿಯನ್ನು ಇಬ್ಬರಿಗೂ ಬರೆದು, ಪ್ರತಿಯನ್ನು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಕೊಟ್ಟು, ಮೂರು ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಗೇಟಿನ ಗುರುತು, ಟೇಪಿನಲ್ಲಿ ಅಳೆದ ದೂರ, ಮಾರುವ ಹೊತ್ತು, ತಿನಿಸಿನ ಹೆಸರು ಬರೆಯಿರಿ. ‘ಶಾಲೆ ಹತ್ತಿರ ಜಂಕ್ ಫುಡ್ ಮಾರುತ್ತಾರೆ’ ಎಂದಷ್ಟೇ ಬರೆದ ಅರ್ಜಿ ಮೇಲೆ ಯಾರೂ ಏಳುವುದಿಲ್ಲ. ಪ್ರಾಧಿಕಾರದ ಉಚಿತ ಸಹಾಯವಾಣಿ 1800112100. ರಾಜ್ಯದ ಜನಸ್ಪಂದನ ಸಂಖ್ಯೆ 1902.

ಎಲ್ಲಿ ಸೋಲುತ್ತದೆ? ಗಾಡಿ 60 ಮೀಟರಿಗೆ ಸರಿಯುತ್ತದೆ, ಮಕ್ಕಳು ಇನ್ನೂ ಹತ್ತು ಹೆಜ್ಜೆ ಹೆಚ್ಚು ನಡೆಯುತ್ತಾರೆ. ಜೊತೆಗೆ ಗೇಟಿನ ಎದುರಿನ ಕಾಂಡಿಮೆಂಟ್ಸ್ ಅಂಗಡಿ, ಬೇಕರಿ ಗಾಡಿಯಂತೆ ಸರಿಯುವಂಥದ್ದಲ್ಲ. ಆದ್ದರಿಂದ ಬರೀ ಓಡಿಸುವುದರಿಂದ ಆಗದು, ಅಲ್ಲಿ ಬೇರೆ ಏನು ಸಿಗುತ್ತದೆ ಎಂಬುದನ್ನೂ ನೋಡಬೇಕು.

ತಳ್ಳುಗಾಡಿಯವರ ಹೊಟ್ಟೆಪಾಡು?

ಅವರನ್ನು ಎದುರು ಹಾಕಿಕೊಂಡು ಈ ಕೆಲಸ ಆಗುವುದಿಲ್ಲ, ಆಗಲೂಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ನಗರ ಸ್ಥಳೀಯ ಸಂಸ್ಥೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಶಾಲೆಯ ಗೇಟಿನ ವಿಷಯ ಚರ್ಚೆಯಾಗಬೇಕಾದ್ದು ಆ ಸಮಿತಿಯಲ್ಲಿ.

ಅಲ್ಲಿ ಇಡಬಹುದಾದ ಬೇಡಿಕೆ ಇಂಥದ್ದು: ಸಂಜೆ ಶಾಲೆ ಬಿಡುವ ಹೊತ್ತಿನ ಒಂದು ಗಂಟೆ ಗೇಟಿನ ಬಳಿ ಎಣ್ಣೆಯಲ್ಲಿ ಕರಿದದ್ದು, ಬಣ್ಣದ ನೀರು, ಐಸ್ ಕ್ಯಾಂಡಿ, ಸಿಹಿ ಪಾನೀಯ ಬೇಡ. ಅದೇ ವ್ಯಾಪಾರಿ ಅದೇ ಜಾಗದಲ್ಲಿ ಬೇಯಿಸಿದ ಕಡಲೆಕಾಯಿ, ಸುಟ್ಟ ಜೋಳ, ಹೆಚ್ಚಿದ ಸೌತೆಕಾಯಿ, ಸೀಬೆಹಣ್ಣು, ಬಾಳೆಹಣ್ಣು, ಎಳನೀರು, ಉಪ್ಪು ಎಣ್ಣೆ ಹಿತವಾಗಿ ಹಾಕಿದ ಚುರುಮುರಿ ಮಾರಲಿ. ಕಡಲೆಕಾಯಿ ಪಾವಗಡ, ಶಿರಾ ಕಡೆ ಬೆಳೆಯುವಂಥದ್ದೇ, ಎಳನೀರಿಗೆ ತಿಪಟೂರು, ಗುಬ್ಬಿ ಇದ್ದೇ ಇವೆ. ಐದು, ಹತ್ತು ರೂಪಾಯಿಗೆ ಸಿಗುವಂತಿರಬೇಕು ಎನ್ನುವುದು ಮುಖ್ಯ. ಮಗುವಿನ ಜೇಬಿನಲ್ಲಿ ಇರುವುದು ಅಷ್ಟೇ, ಪೊಟ್ಟಣದ ಕಂಪನಿಗಳು ಬೆಲೆ ಇಟ್ಟಿರುವುದೂ ಅದಕ್ಕೆ ಸರಿಯಾಗಿ. ಹೆಚ್ಚಿದ ಹಣ್ಣಿಗೆ ನೊಣ, ಧೂಳಿನ ತೊಂದರೆ ಇದೆ. ಗಾಜಿನ ಪೆಟ್ಟಿಗೆ ಮತ್ತು ಕೈ ತೊಳೆಯುವ ನೀರಿಲ್ಲದೆ ಅದಕ್ಕೆ ಅನುಮತಿ ಕೊಡಬಾರದು. ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಬಳಸುವುದನ್ನು ಕರ್ನಾಟಕ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಅದು ಬೊಜ್ಜಿಗೆ ಸಂಬಂಧಿಸಿದ್ದಲ್ಲ, ವಿಷದ ಮಾತು. ಆದರೂ ತಪಾಸಣೆಗೆ ಬಂದವರು ಎರಡನ್ನೂ ನೋಡಬಹುದು.

ಬಿಸಿಯೂಟ, ಹಾಲು, ರಾಗಿ ಮಾಲ್ಟ್, ಮೊಟ್ಟೆಯಿಂದ ಮಕ್ಕಳು ದಪ್ಪಗಾಗುತ್ತಾರೆಯೇ?

ಇಲ್ಲ. ಅಕ್ಷರ ದಾಸೋಹದಲ್ಲಿ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ಲೆಕ್ಕ: 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕಿಲೋ ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಎಂಟನೆಯವರಿಗೆ 150, 30, 75 ಮತ್ತು 7.5 ಗ್ರಾಂ. ಒಟ್ಟು 700 ಕಿಲೋ ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಮಧ್ಯಾಹ್ನದ ಊಟಕ್ಕೆ ಇದು ಹದವಾದ ಅಳತೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ, ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆ ಎಂದರೆ ಸುಮಾರು 70 ಕಿಲೋ ಕ್ಯಾಲೊರಿ, 6 ಗ್ರಾಂ ಒಳ್ಳೆಯ ಪ್ರೋಟೀನ್. ಹೊಟ್ಟೆ ತುಂಬಿ ಸಂಜೆಯ ಪೊಟ್ಟಣದ ಹಂಬಲ ತಗ್ಗಿಸುವ ಗುಣ ಅದಕ್ಕಿದೆ. ಕ್ಷೀರಭಾಗ್ಯದ ಹಾಲು 150 ಮಿ.ಲೀ., ಅದೂ ಹೆಚ್ಚಲ್ಲ.

ಅಡುಗೆಮನೆಯಲ್ಲಿ ಆಗುವ ತಪ್ಪು ಬೇರೆ. ತರಕಾರಿ ಬೆಲೆ ಏರಿದ ತಿಂಗಳು ಸಾಂಬಾರಿನಲ್ಲಿ ತರಕಾರಿ ಕರಗುತ್ತದೆ, ಅನ್ನ ಮಾತ್ರ ಉಳಿಯುತ್ತದೆ. ಎಸ್‌ಡಿಎಂಸಿಯವರು ಲೆಕ್ಕ ಹಾಕುವುದು ಸುಲಭ: ಚಿಕ್ಕ ತರಗತಿಗಳ 100 ಮಕ್ಕಳು ಊಟ ಮಾಡಿದ ದಿನ 5 ಕಿಲೋ ತರಕಾರಿ, 2 ಕಿಲೋ ಬೇಳೆ, ಅರ್ಧ ಕಿಲೋ ಎಣ್ಣೆ ಹೋಗಿರಬೇಕು. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಎರಡನ್ನೂ ಒಟ್ಟಿಗೆ ತೆರೆದು ತಿಂಗಳಿಗೊಮ್ಮೆ ನೋಡಿ. ಅಡುಗೆಯವರ ಮೇಲೆ ಎಗರಿ ಉಪಯೋಗವಿಲ್ಲ, ಅವರು ಬಂದದ್ದನ್ನು ಬೇಯಿಸುತ್ತಾರೆ. ಪಂಚಾಯಿತಿಯ ನೀರಿನ ಸಂಪರ್ಕವಿರುವ ಶಾಲೆಯಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿ, ಬಸಳೆ ಹಾಕಿದರೆ ಸೊಪ್ಪಿನ ಕೊರತೆ ಬಹಳಷ್ಟು ನೀಗುತ್ತದೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಮಾರ್ಚ್‌ನಲ್ಲೇ ಬರೆದಿಡಬೇಕು. ಶಾಲಾ ಕೈತೋಟಗಳು ಒಣಗುವುದು ಏಪ್ರಿಲ್, ಮೇ ತಿಂಗಳಲ್ಲೇ.

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವುದನ್ನು ನಿಲ್ಲಿಸಬೇಕೇ?

40 ಮಕ್ಕಳ ತರಗತಿಯಲ್ಲಿ 40 ಹುಟ್ಟುಹಬ್ಬ ಬರುತ್ತವೆ. ಶಾಲೆಯೇ ಒಂದು ಪದ್ಧತಿ ಮಾಡಿ ಪೋಷಕರ ಸಭೆಯಲ್ಲಿ ಹೇಳಿಬಿಡಲಿ: ತಿಂಗಳ ಕೊನೆಯ ಶನಿವಾರ ಆ ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಒಂದೇ ಹಬ್ಬ, ಹಣ್ಣು ಅಥವಾ ಕಡಲೆ ಮಿಠಾಯಿ, ತರಗತಿಯ ಗ್ರಂಥಾಲಯಕ್ಕೊಂದು ಪುಸ್ತಕ. ಒಬ್ಬರಿಗೆ ಬೇಡ ಎಂದು ಇನ್ನೊಬ್ಬರಿಗೆ ಬಿಟ್ಟರೆ ಮನಸ್ತಾಪವಾಗುತ್ತದೆ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ಹಾಕಲು ಹೇಳಿತು: ಯಾವ ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳೇ ನೋಡುವಂತೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳೂ ಇದನ್ನು ಒಂದು ಡ್ರಾಯಿಂಗ್ ಶೀಟಿನಲ್ಲಿ ಮಾಡಬಹುದು. 300 ಮಿ.ಲೀ. ಕೋಲಾ ಬಾಟಲಿಯಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಅಂದರೆ ಆರು ಚಮಚಕ್ಕೂ ಮಿಗಿಲು. ದಿನಕ್ಕೆ 25–30 ಗ್ರಾಂ ದಾಟಬಾರದು ಎಂಬ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯನ್ನು ಆ ಒಂದು ಬಾಟಲಿಯೇ ಮೀರುತ್ತದೆ. ಫಲಕದ ಪಕ್ಕ ಸಕ್ಕರೆಯನ್ನು ನಿಜವಾಗಿಯೇ ಅಳೆದು ಸಣ್ಣ ಪಾಕೀಟಿನಲ್ಲಿ ತೂಗುಹಾಕಿ. ಅಂಕಿ ಓದುವುದಕ್ಕಿಂತ ಅದು ಬೇಗ ನಾಟುತ್ತದೆ.

ನೀರಿಗೂ ಬೊಜ್ಜಿಗೂ ಏನು ಸಂಬಂಧ?

ಪಾವಗಡ, ಶಿರಾ, ಮಧುಗಿರಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಬಾಯಿಗೆ ಹಿಡಿಸದ ನೀರಿರುವ ಶಾಲೆಯಲ್ಲಿ ಮಕ್ಕಳು ನೀರು ಕುಡಿಯುವುದಿಲ್ಲ, ಹೊರಗೆ ಬಂದು ಬಣ್ಣದ ಪಾನೀಯ ಕುಡಿಯುತ್ತಾರೆ. ಹೆಣ್ಣುಮಕ್ಕಳು ಶೌಚಾಲಯ ಚೆನ್ನಾಗಿಲ್ಲವೆಂದು ಇಡೀ ದಿನ ನೀರು ಮುಟ್ಟದಿರುವುದೂ ಉಂಟು. ಶುದ್ಧ ಕುಡಿಯುವ ನೀರಿನ ಘಟಕ ಊರಿನಲ್ಲಿದ್ದರೆ ಸಾಲದು, ಅಲ್ಲಿಂದ ಶಾಲೆಗೆ ದಿನಾ ಎಷ್ಟು ಕ್ಯಾನ್, ಯಾರು ತರುತ್ತಾರೆ ಎಂಬುದು ಪಂಚಾಯಿತಿ ನಡಾವಳಿಯಲ್ಲಿ ಬರಬೇಕು. ಶಾಲೆಯ ಹೊತ್ತಿನಲ್ಲಿ ಮಗುವೊಂದಕ್ಕೆ ಒಂದು ಲೀಟರ್ ಎಂದಿಟ್ಟುಕೊಂಡರೆ 100 ಮಕ್ಕಳಿಗೆ 20 ಲೀಟರಿನ ಐದು ಕ್ಯಾನ್. ಕೇರಳದ ಶಾಲೆಗಳಲ್ಲಿ 2019ರಲ್ಲಿ ಹೆಸರಾದ ನೀರಿನ ಗಂಟೆಯ ಪದ್ಧತಿಗೆ (ಗೊತ್ತಾದ ಹೊತ್ತಿಗೆ ಗಂಟೆ ಬಾರಿಸಿ ಎಲ್ಲ ಮಕ್ಕಳಿಗೂ ನೀರು ಕುಡಿಸುವುದು) ಖರ್ಚೇ ಇಲ್ಲ.

ಆಟಕ್ಕೆ ಜಾಗವೇ ಇಲ್ಲ. ಪಾಲಿಕೆಯಿಂದ ಏನು ಕೇಳಬಹುದು?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆರಡು ಪಿ.ಟಿ. ಪೀರಿಯಡ್‌ನಲ್ಲಿ ಅದು ದಕ್ಕದು. ಪರೀಕ್ಷೆ ಹತ್ತಿರವಾದಾಗ ಅದನ್ನೂ ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳಿವೆ.

ಹೊಸ ಮೈದಾನ ಕೇಳುವ ಮೊದಲು ಇರುವುದನ್ನು ತೆರೆಸಿ. ತುಮಕೂರು ನಗರದಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣ, ಅಮಾನಿಕೆರೆ ಉದ್ಯಾನ ಇವೆ, ಸರಿ. ಆದರೆ ಎಂಟು ವರ್ಷದ ಮಗು ಬಿ.ಎಚ್. ರಸ್ತೆ ದಾಟಿ ಒಬ್ಬನೇ ಅಲ್ಲಿಗೆ ಹೋಗಲಾರ. ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಸಿಗುವ ಜಾಗವೇ ಮಗುವಿಗೆ ಜಾಗ. ಹೆಚ್ಚಿನ ವಾರ್ಡುಗಳಲ್ಲಿ ಅದು ಸರ್ಕಾರಿ ಶಾಲೆಯ ಅಂಗಳ. ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ ಬೀಳುತ್ತದೆ. ಮುಖ್ಯೋಪಾಧ್ಯಾಯರ ಭಯ ನ್ಯಾಯವಾದದ್ದು: ಕಿಟಕಿ ಗಾಜು ಒಡೆದರೆ ಯಾರು ಕೊಡುತ್ತಾರೆ, ರಾತ್ರಿ ಕುಡುಕರು ಬಂದು ಕೂತರೆ ಯಾರು ನೋಡುತ್ತಾರೆ? ಹೀಗಾಗಿ ಬರೀ ಮನವಿ ಕೊಟ್ಟರೆ ಬಾಗಿಲು ತೆರೆಯುವುದಿಲ್ಲ, ಒಂದು ಪುಟದ ಒಪ್ಪಂದ ಬೇಕು. ಎಸ್‌ಡಿಎಂಸಿ ಮತ್ತು ಪಾಲಿಕೆ ಅಥವಾ ಪಂಚಾಯಿತಿ ಅದಕ್ಕೆ ಸಹಿ ಹಾಕಬೇಕು. ಸಂಜೆ 4.30ರಿಂದ 6.30 ಎಂದು ಹೊತ್ತು, ಕೀಲಿ ಯಾರ ಬಳಿ ಎಂದು ಇಬ್ಬರ ಹೆಸರು, ಹಾನಿಗೆ ವರ್ಷಕ್ಕೆ ಇಂತಿಷ್ಟು ಮೊತ್ತ ಸ್ಥಳೀಯ ಸಂಸ್ಥೆಯಿಂದ, ಒಂದು ದೀಪ, ಒಂದು ನಲ್ಲಿ, ಶೌಚಾಲಯದ ಬಾಗಿಲು ತೆರೆದಿರುವುದು, ಬೈಕು ಒಳಗೆ ಬಿಡದಿರುವುದು ಎಲ್ಲವೂ ಅದರಲ್ಲಿರಲಿ. ಕ್ರಿಕೆಟ್ಟಿಗೆ ಮಾತ್ರ ಬಿಟ್ಟರೆ ದೊಡ್ಡ ಹುಡುಗರು ಇಡೀ ಅಂಗಳ ಹಿಡಿದುಕೊಳ್ಳುತ್ತಾರೆ. ವಾರದಲ್ಲಿ ಎರಡು ಸಂಜೆ ಹೆಣ್ಣುಮಕ್ಕಳಿಗೇ ಎಂದು ಬರೆಯಿರಿ. ಹನ್ನೆರಡು ಹದಿಮೂರು ದಾಟಿದ ಮೇಲೆ ಅವರು ಆಟ ಬಿಡುವುದು ಮನಸ್ಸಿಲ್ಲದೆ ಅಲ್ಲ.

ಎಷ್ಟು ಜಾಗ ಬೇಕು? ಚಿಕ್ಕ ಮಕ್ಕಳ ಕಬಡ್ಡಿಗೆ 11×8 ಮೀಟರ್ ಸಾಕು, ವಾಲಿಬಾಲ್‌ಗೆ 18×9, ಖೋ ಖೋಗೆ 27×16. ಸುತ್ತ ಎರಡು ಮೂರು ಮೀಟರ್ ಬಿಡಿ. ಎರಡು ಸೈಟಿನಷ್ಟು ಸಿಎ (ನಾಗರಿಕ ಸೌಲಭ್ಯದ) ನಿವೇಶನ ಖಾಲಿ ಬಿದ್ದು ಕಸ ತುಂಬಿದ್ದರೆ ಅಲ್ಲಿ ಕಬಡ್ಡಿ ಅಂಕಣವಾಗುತ್ತದೆ. ಉದ್ಯಾನ, ಆಟದ ಮೈದಾನಗಳೆಂದು ಗುರುತಿಸಿದ ಜಾಗವನ್ನು ಬೇರೆ ಕೆಲಸಕ್ಕೆ ಕೊಡದಂತೆ 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಕಾಯ್ದೆ ಇದೆ. ಬಡಾವಣೆ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆದು ನೋಡಿ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಹಣದಲ್ಲಿ ಶಾಲಾ ಮೈದಾನ, ಕಾಂಪೌಂಡು ಮಾಡಿದ ಪಂಚಾಯಿತಿಗಳು ರಾಜ್ಯದಲ್ಲಿ ಹಲವು ಇವೆ. ಇನ್ನು ತೆರೆದ ಜಿಮ್ಮಿನ ಕಬ್ಬಿಣದ ಸಾಮಾನು ದೊಡ್ಡವರಿಗೆ ಮಾಡಿದ್ದು. ಮಕ್ಕಳಿಗೆಂದು ಅದರ ಮೇಲೆ ಹಣ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ಅದೇ ದುಡ್ಡಿಗೆ ಸಮತಟ್ಟಾದ ನೆಲ, ಬೇಲಿ, ದೀಪ ಬರುತ್ತವೆ.

ಮಕ್ಕಳು ಶಾಲೆಗೆ ನಡೆದು ಹೋಗಲಿ ಎನ್ನುತ್ತೀರಿ. ರಸ್ತೆ ನೋಡಿದ್ದೀರಾ?

ಅದೇ ಮಾತು. ನಡೆಯಿರಿ ಎಂದು ಭಾಷಣ ಮಾಡುವ ಮೊದಲು ಶಾಲೆಯ ಸುತ್ತ 500 ಮೀಟರ್ ನಡೆದು ಪಟ್ಟಿ ಮಾಡಬೇಕು: ಚಪ್ಪಡಿ ಮುರಿದ ಚರಂಡಿ ಎಲ್ಲಿ, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಎಲ್ಲಿ, ಬೀದಿ ನಾಯಿ ಎಲ್ಲಿ, ಜೀಬ್ರಾ ಪಟ್ಟೆ ಅಳಿಸಿರುವುದು ಎಲ್ಲಿ. ಫೋಟೊ, ಜಾಗದ ಗುರುತು ಹಾಕಿ ವಾರ್ಡ್ ಎಂಜಿನಿಯರಿಗೆ ಕೊಡಿ. ವ್ಯಾನಿನಲ್ಲೇ ಬರುವ ಮಕ್ಕಳಿಗೆ ಒಂದು ಉಪಾಯವಿದೆ. ವ್ಯಾನು ಗೇಟಿನ ಮುಂದೆ ನಿಲ್ಲದೆ 400 ಮೀಟರ್ ಆಚೆ ಸುರಕ್ಷಿತ ಜಾಗದಲ್ಲಿ ನಿಲ್ಲಲಿ, ಅಲ್ಲಿಂದ ಶಿಕ್ಷಕರೊಬ್ಬರ ಜೊತೆ ಸಾಲಾಗಿ ನಡೆಯಲಿ. ಗೇಟಿನ ಮುಂದಿನ ವಾಹನದ ಗೋಜಲೂ ತಪ್ಪುತ್ತದೆ.

ಪಾಲಿಕೆ ಜಂಕ್ ತಿನಿಸಿನ ಮೇಲೆ ತೆರಿಗೆ ಹಾಕಬಹುದಲ್ಲ?

ಆಗದು. ಜಿಎಸ್‌ಟಿ ಬಂದ ಮೇಲೆ ಆ ಅಧಿಕಾರ ಸ್ಥಳೀಯ ಸಂಸ್ಥೆಗಿಲ್ಲ. ಕೇರಳ 2016ರಲ್ಲಿ ಪಿಜ್ಜಾ, ಬರ್ಗರ್ ಬಗೆಯ ತಿನಿಸಿಗೆ ಶೇ 14.5 ತೆರಿಗೆ ಹಾಕಿದ್ದು ಅದಕ್ಕಿಂತ ಮೊದಲು. 2025ರ ಸೆಪ್ಟೆಂಬರ್ 22ರಿಂದ ಅನಿಲ ತುಂಬಿದ ಸಿಹಿ ಪಾನೀಯಕ್ಕೆ ಶೇ 40 ಜಿಎಸ್‌ಟಿ ಇದೆ, ಬಿಸ್ಕತ್ತು, ಚಾಕೊಲೇಟಿಗೆ ಶೇ 5ಕ್ಕೆ ಇಳಿದಿದೆ. ಪಾಲಿಕೆಯ ಕೈಯಲ್ಲಿ ಉಳಿದಿರುವುದು ಹೋರ್ಡಿಂಗ್ ಪರವಾನಗಿ. ಶಾಲೆ, ಬಸ್ ತಂಗುದಾಣ, ಮೈದಾನದ ಹತ್ತಿರ ಇಂಥ ಜಾಹೀರಾತಿಗೆ ಅನುಮತಿ ಬೇಡ ಎಂದು ನಿರ್ಣಯ ಮಾಡಬಹುದು. ಲಂಡನ್ನಿನ ಸಾರಿಗೆ ಸಂಸ್ಥೆ ತನ್ನ ಬಸ್ಸು, ರೈಲುಗಳಲ್ಲಿ 2019ರ ಫೆಬ್ರುವರಿಯಿಂದ ಇದನ್ನೇ ಮಾಡಿದೆ.

ಬೇರೆ ಊರುಗಳಲ್ಲಿ ಇದು ಕೆಲಸ ಮಾಡಿದೆಯೇ?

ಆಮ್‌ಸ್ಟರ್‌ಡ್ಯಾಮ್ ನಗರಾಡಳಿತದ ಕೆಲಸವನ್ನು ಹೆಚ್ಚು ಮಂದಿ ಎತ್ತಿ ಹೇಳುತ್ತಾರೆ. ಶಾಲೆಯಲ್ಲಿ ನೀರು, ಹಾಲು ಬಿಟ್ಟು ಬೇರೆ ಪಾನೀಯ ಬೇಡ, ಹಣ್ಣಿನ ರಸವೂ ಬೇಡ ಎಂದರು. ತ್ವರಿತ ತಿನಿಸಿನ ಕಂಪನಿಗಳ ಪ್ರಾಯೋಜಕತ್ವದ ಕ್ರೀಡಾಕೂಟ ನಿಲ್ಲಿಸಿದರು, ಬಡ ಬಡಾವಣೆಗಳಿಗೆ ಮೊದಲು ಹೋದರು. 2012ರಿಂದ 2015ರ ನಡುವೆ ಅತಿತೂಕದ ಮಕ್ಕಳ ಪ್ರಮಾಣ ಶೇ 21ರಿಂದ ಶೇ 18.5ಕ್ಕೆ ಇಳಿಯಿತು. ಅಮೆರಿಕದ ಸಾಮರ್‌ವಿಲ್ ಎಂಬ ಸಣ್ಣ ನಗರದಲ್ಲಿ 2002ರಿಂದ ಶಾಲೆಯ ಊಟ, ನಡೆಯುವ ದಾರಿ, ಹೋಟೆಲಿನ ಮೆನು ಒಟ್ಟಿಗೆ ಹಿಡಿದು ಕೆಲಸ ಮಾಡಿದರು. ಅಲ್ಲೂ ಇಳಿತ ಸಣ್ಣದೇ. ಎರಡೂ ಕಡೆ ಒಂದು ಶಿಬಿರ, ಒಂದು ಜಾಥಾದಿಂದ ಆದದ್ದಲ್ಲ, ವರ್ಷಗಟ್ಟಲೆ ಹಲವು ಇಲಾಖೆ ಕೂಡಿದ್ದರಿಂದ ಆದದ್ದು. ಅಲ್ಲಿನ ಊಟ, ಹವೆ ನಮ್ಮದಲ್ಲ. ಕ್ರಮ ಮಾತ್ರ ಎರವಲು ತರಬಹುದು.

ಅನ್ನ ಬಿಡಿಸಿ ಮುದ್ದೆ ಕೊಟ್ಟರೆ ತೂಕ ಇಳಿಯುತ್ತದೆಯೇ?

ರಾಗಿಯಲ್ಲಿ ಸುಣ್ಣದಂಶ, ನಾರು ಹೆಚ್ಚು. ಸೊಪ್ಪಿನ ಬಸ್ಸಾರು, ಹುರುಳಿ ಸಾರಿನ ಜೊತೆ ಮುದ್ದೆ ಉಂಡವರಿಗೆ ಬೇಗ ಹಸಿವಾಗುವುದಿಲ್ಲ. ಹಾಗೆಂದು ರಾಗಿ ಬಿಸ್ಕತ್ತು, ಬೆಲ್ಲ ಸುರಿದ ಮಾಲ್ಟ್ ಅದೇ ಗುಣ ಕೊಡುವುದಿಲ್ಲ. ಬೆಳೆಯುವ ಮಗುವಿನ ತೂಕ ಇಳಿಸುವುದಕ್ಕಿಂತ, ಎತ್ತರ ಏರುವವರೆಗೆ ತೂಕ ಇದ್ದಲ್ಲೇ ನಿಲ್ಲಿಸುವುದು ಬಹುಪಾಲು ಮಕ್ಕಳಿಗೆ ಸರಿಯಾದ ಗುರಿ. ಉಪವಾಸ, ಪುಡಿ, ಮಾತ್ರೆ ಬೇಡ. ನಿದ್ದೆ ಮರೆಯಬೇಡಿ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ.

ಯಾವಾಗ ವೈದ್ಯರ ಬಳಿ ಹೋಗಲೇಬೇಕು?

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾದರೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿದರೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟಿದರೆ ತಡ ಮಾಡಬೇಡಿ. ದಪ್ಪಗಾಗುತ್ತಿದ್ದರೂ ಎತ್ತರ ಏರದೆ ನಿಂತಿದ್ದರೆ ಥೈರಾಯ್ಡ್ ಮುಂತಾದ ಹಾರ್ಮೋನು ಕಾರಣ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ ಬೇಕು.

ಇದನ್ನೆಲ್ಲ ಎಲ್ಲಿ, ಹೇಗೆ ಎತ್ತುವುದು?

ಹಳ್ಳಿಯಲ್ಲಾದರೆ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆ. ಮಕ್ಕಳೇ ಹೇಳಿದ ಬೇಡಿಕೆಗೆ ಅಲ್ಲಿ ತೂಕ ಹೆಚ್ಚು. ಮೊದಲೇ ಎರಡು ವಾರ ಕೂತು ಮಕ್ಕಳಿಂದ ಊರಿನ ನಕ್ಷೆ ಬರೆಸಿ: ಎಲ್ಲಿ ಆಡುತ್ತೇವೆ, ಎಲ್ಲಿ ಆಡಲಾಗದು, ಏನು ಕೊಂಡು ತಿನ್ನುತ್ತೇವೆ, ನೀರು ಎಲ್ಲಿ. ಮೂರಕ್ಕಿಂತ ಹೆಚ್ಚು ಬೇಡಿಕೆ ಬೇಡ. ಪ್ರತಿಯೊಂದಕ್ಕೂ ಜಾಗ, ಅಂದಾಜು ಖರ್ಚು, ಯಾರು ಮಾಡಬೇಕು ಎಂದು ಬರೆಯಿರಿ. ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಅಂದೇ ಓದಿಸಿ ಕೇಳಿ. ಬಾಯಲ್ಲಿ ಒಪ್ಪಿ ಪುಸ್ತಕದಲ್ಲಿ ‘ಚರ್ಚಿಸಲಾಯಿತು’ ಎಂದಷ್ಟೇ ಬರೆದರೆ ಮುಂದಿನ ವರ್ಷ ಕೇಳಲು ಆಧಾರವಿರುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವ ಮೊದಲೇ ಇದು ಮುಗಿಯಬೇಕು, ಇಲ್ಲವಾದರೆ ಹಣ ಒದಗಲು ಇನ್ನೊಂದು ವರ್ಷ ಕಾಯಬೇಕು. ನಗರದಲ್ಲಿ ಪಾಲಿಕೆ ಆಯುಕ್ತರಿಗೆ ಬಜೆಟ್ ಪೂರ್ವ ಸಲಹೆಯಾಗಿ ಕೊಡಿ. ಪ್ರತಿಗಳು ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಹೋಗಲಿ. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು, ತುಮಕೂರು ಮತ್ತು ಮಧುಗಿರಿ. ನಿಮ್ಮ ಶಾಲೆ ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡು ಕಳಿಸಿ.

ಫಲ ಕಾಣಲು ಎಷ್ಟು ದಿನ?

ಮೊದಲ ವರ್ಷ ಮಕ್ಕಳ ತೂಕದ ಅಂಕಿಯಲ್ಲಿ ಬದಲಾವಣೆ ಹುಡುಕಬೇಡಿ, ಸಿಗುವುದಿಲ್ಲ. ಎಣಿಸಬೇಕಾದ್ದು ಬೇರೆ: ಶಾಲೆಯ ಅಂಗಳ ತಿಂಗಳಲ್ಲಿ ಎಷ್ಟು ಸಂಜೆ ತೆರೆದಿತ್ತು, ಎಷ್ಟು ಹೆಣ್ಣುಮಕ್ಕಳು ಬಂದರು, 50 ಮೀಟರ್ ಒಳಗೆ ಎಷ್ಟು ಗಾಡಿ ಬದಲಾದವು, ನೀರಿನ ಕ್ಯಾನ್ ಎಷ್ಟು ದಿನ ಬರಲಿಲ್ಲ, ಬಿಸಿಯೂಟಕ್ಕೆ ತರಕಾರಿ ಲೆಕ್ಕಕ್ಕೆ ಸರಿಯಾಗಿ ಬಂತೇ. ಎರಡನೇ ವರ್ಷದಿಂದ ಅದೇ ತಿಂಗಳಲ್ಲಿ, ಅದೇ ಯಂತ್ರದಲ್ಲಿ, ಅದೇ ತರಗತಿಗಳ ಅಳತೆ ತೆಗೆದು ಹೋಲಿಸಿ. ಅತಿತೂಕದ ಮಕ್ಕಳ ಜೊತೆಗೆ ತೂಕ ಕಡಿಮೆಯಿರುವ ಮಕ್ಕಳ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮೊದಲನೆಯದು ಇಳಿದು ಎರಡನೆಯದು ಏರಿದ್ದರೆ ಊಟದ ಅಳತೆಯಲ್ಲಿ ಯಾರೋ ಕೈ ಆಡಿಸಿರಬಹುದು. ಆ ವಾರವೇ ದಾಸ್ತಾನು ಪುಸ್ತಕ ತೆರೆಸಿ ನೋಡಿ.